ಬಲಗಡೆಯ ಮೀಸೆ

ಗುಬ್ಬಿ ರೈಲ್ವೆ ಸ್ಟೇಷನ್ನಿನ ಪಾರ್ಸೆಲ್ ಗುಮಾಸ್ತ ವೀರಭದ್ರಯ್ಯನವರಿಗೆ ಇದ್ದ ಕಾಯಿಲೆ ಒಂದೇ. ಬಾಯಿ ಮುಚ್ಚಿಕೊಂಡಿರಲು ಬರುತ್ತಿರಲಿಲ್ಲ. ಸಕ್ಕರೆ, ಬೀಪಿ, ಮಂಡಿನೋವು ಯಾವುದೂ ಹತ್ತಿರ ಸುಳಿಯದ ಗಟ್ಟಿ ಆಸಾಮಿ. ಆದರೆ ಸುತ್ತ ಕೂತವರೆಲ್ಲ ಸುಮ್ಮನಾಗಿಬಿಟ್ಟರೆ ಅವರ ಎದೆ ಡವಗುಟ್ಟುತ್ತಿತ್ತು, ಏನಾದರೂ ಒಂದು ಮಾತು ಆಡಿದರೇನೇ ಉಸಿರು ಸರಿಹೋಗುತ್ತಿತ್ತು. ಅವರ ಮಗಳು ಸರ್ವಮಂಗಳಳ ಮದುವೆ ಕಲ್ಕತ್ತೆಯವರೆಗೂ ಹೋಗಿ ಸಿಕ್ಕಿಹಾಕಿಕೊಂಡಿದ್ದು ಈ ಕಾಯಿಲೆಯಿಂದಲೇ ಹೊರತು ಆ ಹುಡುಗಿಯ ಗ್ರಹಗತಿಯಲ್ಲಿ ಯಾವ ದೋಷವೂ ಇರಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಎಮರ್ಜೆನ್ಸಿ ಮುಗಿದ ಮಾರನೇ ವರ್ಷದ ಬೇಸಿಗೆ. ಅಷ್ಟರೊಳಗೆ ಸರ್ವಮಂಗಳಳನ್ನು ನೋಡಲು ಬಂದ ಗಂಡುಗಳು ಉಪ್ಪಿಟ್ಟು ಕೇಸರಿಭಾತು ತಿಂದು, "ಊರಿಗೆ ಹೋಗಿ ತಿಳಿಸ್ತೀವಿ" ಅಂದು, ಊರಿಗೆ ಹೋಗಿ ತಿಳಿಸದೇ ಕೂತಿದ್ದರು. ಕುಣಿಗಲ್ಲಿನ ಕೊಬ್ಬರಿ ವ್ಯಾಪಾರಿ ಸದಾಶಿವಯ್ಯನವರ ಮಗ, ಹೈಸ್ಕೂಲು ಮೇಷ್ಟ್ರು ಷಡಕ್ಷರಿ ಮಾತ್ರ ಕೇಸರಿಭಾತು ಇನ್ನೊಂದು ಸಲ ಕೇಳಿ ಹಾಕಿಸಿಕೊಂಡ. ಬಡಿಸುತ್ತಿದ್ದ ಸರ್ವಮಂಗಳ ನಕ್ಕುಬಿಟ್ಟಳು. ಅವನೂ ನಕ್ಕ. ಅಲ್ಲಿಗೆ ಮದುವೆ ಆದ ಹಾಗೇ ಅಂತ ಎಲ್ಲರೂ ಅಂದುಕೊಂಡರು, ಹುಡುಗನ ಅಜ್ಜಿ ತಿಪ್ಪಮ್ಮನವರನ್ನು ಬಿಟ್ಟು.

ತಿಪ್ಪಮ್ಮನವರ ಮನೆಯಲ್ಲಿ ದೇವರ ಹೂವಿನ ಪ್ರಸಾದ ಆಗದೆ ಎಮ್ಮೆಯನ್ನೂ ಕೊಳ್ಳುತ್ತಿರಲಿಲ್ಲ. ವಿಗ್ರಹದ ಮೇಲೆ ಹೂವಿಟ್ಟು ಕೇಳಬೇಕು. ಹೂವು ದೇವರ ಬಲಗಡೆಗೆ ಬಿದ್ದರೆ ಆಗಲಿ ಅಂತ, ಎಡಗಡೆಗೆ ಬಿದ್ದರೆ ಬೇಡ ಅಂತ. ಕುಣಿಗಲ್ಲಿನ ಅವರ ಬೀದಿಯ ವೀರಭದ್ರಸ್ವಾಮಿ ಗುಡಿಯಲ್ಲಿ ಎರಡೂ ಕಡೆಯವರು ಸೇರಿ ಕೇಳಿದರು. ಹೂವು ಬಲಕ್ಕೂ ಬರಲಿಲ್ಲ, ಎಡಕ್ಕೂ ಬರಲಿಲ್ಲ. ಸ್ವಾಮಿಯ ಕಿರೀಟದ ಮೇಲೆ ಆರಾಮಾಗಿ ಕೂತು ಬಾಡಿಹೋಯಿತು. ಅರ್ಚಕರು ಕೆಮ್ಮಿದರು, ಸದಾಶಿವಯ್ಯನವರು ಎರಡು ಸಲ ಸೀನಿದರು. ಊಹೂಂ.

"ಸ್ವಾಮಿ ಆಗ್ಲಿ ಅಂದಿಲ್ಲ, ಬ್ಯಾಡ ಅಂತಾನೂ ಅಂದಿಲ್ಲ. ಈ ವರ್ಷ ಬುಡಿ. ಮುಂದಿನ ವರ್ಷ ಕೇಳಾನ" ಎಂದರು ತಿಪ್ಪಮ್ಮ.

ಮುಂದಿನ ವರ್ಷ! ತಿಪಟೂರಿನಿಂದ ಇನ್ನೊಂದು ಹೆಣ್ಣಿನ ಕಡೆಯವರು ಆಗಲೇ ಷಡಕ್ಷರಿಯ ಮನೆಗೆ ಓಡಾಡುತ್ತಿದ್ದರು. ಗುಡಿಯಲ್ಲಿ ಯಾರೂ ಮಾತಾಡಲಿಲ್ಲ. ಸರ್ವಮಂಗಳಳ ಕಣ್ಣಲ್ಲಿ ನೀರು ತುಂಬಿಕೊಂಡಿತು. ಅದನ್ನು ನೋಡಿದ ವೀರಭದ್ರಯ್ಯನವರಿಗೆ ಸುತ್ತಲ ಮೌನಕ್ಕೆ ಎದೆ ಡವಗುಟ್ಟಿತು.

"ನಾನು ಮುಂದಿನ ವಾರ ಕಲ್ಕತ್ತೆಗೆ ಹೋಗ್ತಾ ಇದೀನಿ. ರೈಲ್ವೆ ಯೂನಿಯನ್ ಸಮ್ಮೇಳನ, ನನ್ನ ಬಿಟ್ರೆ ಅಲ್ಲಿ ನಡಿಯೋದೇ ಇಲ್ಲ. ಅಲ್ಲಿ ಎಂಥೆಂಥ ಹಳೇ ದೇವಸ್ಥಾನಗಳಿವೆ ಅಂತೀರಿ! ನಮ್ಮ ಸ್ವಾಮಿ ಮಾತಾಡದಿದ್ರೆ ಏನಂತೆ, ಅಲ್ಲಿನ ಸ್ವಾಮಿನ ಕೇಳ್ಕೊಂಡು ಬರ್ತೀನಿ."

ಹೆಂಡತಿ ಗಂಗಾಂಬಿಕೆ ಸೆರಗಿನ ಮರೆಯಲ್ಲಿ ಹಣೆ ಚಚ್ಚಿಕೊಂಡರು. ತಿಪ್ಪಮ್ಮನವರು ಮಾತ್ರ ತೂಕ ಮಾಡುವವರಂತೆ ತಲೆದೂಗಿದರು. "ಆಗ್ಲಿ. ಇರೋದ್ರಲ್ಲಿ ಹಳೇ ಗುಡಿ ನೋಡಿ ಕೇಳಪ್ಪ. ಹೊಸ ದೇವ್ರು ಬ್ಯಾಡ."

ವೀರಭದ್ರಯ್ಯನವರು ಇಲ್ಲದೆ ನಡೆಯಲಾರದ ಸಮ್ಮೇಳನದಲ್ಲಿ ಅವರಿಗೆ ಕೊಟ್ಟ ಕೆಲಸವೆಂದರೆ ಕುರ್ಚಿ ಹೊಂದಿಸುವುದು. ಹಗಲೆಲ್ಲ ಕುರ್ಚಿ ಹೊಂದಿಸಿ, ಭಾಷಣ ಮುಗಿದ ಮೇಲೆ ಕುರ್ಚಿ ಮಡಿಸಿ, ಊರಿಗೆ ಹೊರಡುವ ದಿನ ಬಂದೇಬಿಟ್ಟಿತು. ಸಾಯಂಕಾಲಕ್ಕೆ ರೈಲು. ಹೂವು ಕೇಳಿಲ್ಲ. ಅವರು ಹಾರಿ ಹೋಗಿ ಒಬ್ಬ ರಿಕ್ಷಾದವನನ್ನು ಹಿಡಿದು, "ಪುರಾನಾ ಮಂದಿರ್! ಬಹುತ್ ಪುರಾನಾ!" ಎಂದು ಅಂಗಲಾಚಿದರು. ಆ ಪುಣ್ಯಾತ್ಮ ಅವರನ್ನು ಎಳೆದುಕೊಂಡು ಹೋಗಿ, ಚಪ್ಪಲಿ ಅಂಗಡಿಗಳ ಒಂದು ಇಕ್ಕಟ್ಟು ಗಲ್ಲಿಯಲ್ಲಿ ಇಳಿಸಿದ.

ವೀರಭದ್ರಯ್ಯನವರು ತಲೆ ಎತ್ತಿ ನೋಡಿದವರು ಹಾಗೇ ನಿಂತುಬಿಟ್ಟರು. ಅವರಿಗೆ ಗೊತ್ತಿದ್ದ ಛಾವಣಿಗಳೆಲ್ಲ ಕೆಳಕ್ಕೆ ಇಳಿಯುವಂಥವು. ಇದರ ಮೂಲೆಗಳು ಇಳಿದ ಮೇಲೆ ಮನಸ್ಸು ಬದಲಾಯಿಸಿ ಮತ್ತೆ ಆಕಾಶಕ್ಕೆ ಎದ್ದಿದ್ದವು. ಹಸಿರು ಹೊಳಪಿನ ಹೆಂಚಿನ ನೆತ್ತಿಯ ಮೇಲೆ ಒಂದು ಉದ್ದನೆಯ ಪ್ರಾಣಿ. ಮೈ ಹಾವಿನದು, ಕಾಲು ನಾಲ್ಕು, ತಲೆಗೆ ಕೊಂಬು, ಮೂತಿಯಿಂದ ಎರಡು ಪಕ್ಕಕ್ಕೂ ಮಾರುದ್ದ ಮೀಸೆ. ಅದರ ಸುತ್ತ ಪಿಂಗಾಣಿಯ ಪುಟ್ಟಪುಟ್ಟ ಮನುಷ್ಯರು, ಕುದುರೆಗಳು, ಹೂಬಳ್ಳಿಗಳು. ಕೆಂಪು ಬಾಗಿಲ ಮೇಲೆ ಕಣ್ಣು ಕೆಕ್ಕರಿಸಿಕೊಂಡ ಇಬ್ಬರು ದ್ವಾರಪಾಲಕರು. ಒಳಗೆ ಮರದ ತೊಲೆಗಳಿಗೆಲ್ಲ ಚಿನ್ನದ ನೀರು ಹಾಯಿಸಿದ ಕೆತ್ತನೆ. ಒಂದೊಂದು ಎಲೆಯ ನರವೂ ಕಾಣುವ ಹಾಗೆ ಕೊರೆದಿದ್ದರು. ಸೂರಿನಿಂದ ಚಕ್ಕುಲಿಯ ಹಾಗೆ ಸುತ್ತಿದ ದೊಡ್ಡ ಊದುಬತ್ತಿಗಳು ನೇತಾಡುತ್ತ ಹೊಗೆಯಾಡುತ್ತಿದ್ದವು. ಅಂಥ ಚೆಲುವನ್ನು ವೀರಭದ್ರಯ್ಯನವರು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅಯ್ಯಯ್ಯೋ, ಅಯ್ಯಯ್ಯೋ, ಎಂದುಕೊಳ್ಳುತ್ತ ಒಂದೊಂದು ಕಂಬವನ್ನೂ ಸವರಿಕೊಂಡೇ ಒಳಗೆ ಹೋದರು.

ಗರ್ಭಗುಡಿಯಲ್ಲಿ ಕೆಂಪು ಮುಖ, ಹುರಿಮೀಸೆ, ಕೈಯಲ್ಲಿ ಮನುಷ್ಯನೆತ್ತರದ ಆಯುಧ. ಸಾಕ್ಷಾತ್ ವೀರಭದ್ರಸ್ವಾಮಿ! ಸೊಂಟದವರೆಗೆ ಕರಿ ಗಡ್ಡವೊಂದು ಹೆಚ್ಚಿಗೆ ಇತ್ತು. ಬಂಗಾಳದಲ್ಲಿ ಸ್ವಾಮಿಗೆ ಗಡ್ಡ ಬಿಡುತ್ತಾರೆ ಎಂದು ತೀರ್ಮಾನಿಸಿ, ತಮ್ಮ ಹೆಸರಿನ ದೇವರೇ ಇಷ್ಟು ದೂರ ಬಂದು ಕಾದಿದ್ದಾನಲ್ಲ ಎಂದು ವೀರಭದ್ರಯ್ಯನವರು ಗಳಗಳನೆ ಅತ್ತರು. ಗುಡಿ ನೋಡಿಕೊಳ್ಳುತ್ತಿದ್ದ ಮುದುಕರು ಗಾಬರಿಯಾಗಿ ಓಡಿಬಂದರು. ಸಣ್ಣ ಕಣ್ಣಿನ ಸಾಧು ಮನುಷ್ಯ. ಸನ್ನೆಯಲ್ಲೇ ಹೂವು ಕೇಳಿದ್ದಕ್ಕೆ ತಾವೇ ಒಂದು ಬಿಳಿ ಹೂವು ತಂದುಕೊಟ್ಟು, ಇವರ ಬೆವರು ನೋಡಿ ಮರುಗಿ, ಗೋಡೆಯ ಮೇಲಿನ ಸ್ವಿಚ್ಚು ಒತ್ತಿ, ಪಕ್ಕಕ್ಕೆ ನಿಂತರು. ವೀರಭದ್ರಯ್ಯನವರು ವಿಗ್ರಹದ ಭುಜದ ಮೇಲೆ ಹೂವಿಟ್ಟು, ಕಣ್ಣು ಮುಚ್ಚಿ, "ಸ್ವಾಮಿ, ನನ್ನ ಮಗಳು" ಎನ್ನುವಷ್ಟರಲ್ಲಿ ಹೂವು ಸುಯ್ಯೆಂದು ಬಲಗಡೆಗೆ ಬಂದುಬಿಟ್ಟಿತು.

ಕುಣಿಯುತ್ತಲೇ ಹೊರಗೆ ಬಂದರೆ, ಸಮ್ಮೇಳನಕ್ಕೆ ಜೊತೆಯಲ್ಲಿ ಬಂದಿದ್ದ ತುಮಕೂರಿನ ಬುಕಿಂಗ್ ಕ್ಲರ್ಕ್ ಶಿವರಾಮಯ್ಯ, ರಿಕ್ಷಾದವನನ್ನು ಕೇಳಿ ಅವರನ್ನು ಹುಡುಕಿಕೊಂಡು ಬಂದು, ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.

"ರೈಲಿಗೆ ಹೊತ್ತಾಯ್ತು, ಚೀನಾದೋರ ದೇವಸ್ಥಾನದಲ್ಲಿ ಏನ್ರೀ ಮಾಡ್ತಾ ಇದೀರಿ?"

"ಚೀನಾ?"

"ಮತ್ತೆ? ಬಾಗಿಲ ಮೇಲೆ ಬರೆದಿರೋದು ಕಾಣ್ಲಿಲ್ವಾ?"

"ನಾನು ಬಂಗಾಳಿ ಅನ್ಕೊಂಡೆ ಕಣ್ರೀ."

"ಒಳಗಿರೋದು ಅವ್ರ ಹಳೇ ಕಾಲದ ಸೇನಾಪತಿ ಅಂತೆ. ಬನ್ನಿ, ಬನ್ನಿ."

ಕಲ್ಕತ್ತೆಯಿಂದ ಗುಬ್ಬಿಗೆ ಬರುವವರೆಗೆ ವೀರಭದ್ರಯ್ಯನವರು ಜನ್ಮದಲ್ಲಿ ಮೊದಲ ಬಾರಿಗೆ ಮಾತಾಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೆಂಡತಿಗೆ ಹೇಳಿ, ಆಮೇಲೆ ಏನು ಮಾಡಬೇಕೋ ಅವಳೇ ಹೇಳಲಿ ಎಂದು ನಿಶ್ಚಯಿಸಿಕೊಂಡಿದ್ದರು. ಆದರೆ ಮನೆಯ ಬಾಗಿಲಲ್ಲಿ ಕುಣಿಗಲ್ಲಿನವರ ಚಪ್ಪಲಿಗಳಿದ್ದವು. ಒಳಗೆ ಕಾಲಿಟ್ಟ ಕೂಡಲೇ ತಿಪ್ಪಮ್ಮನವರ ದನಿ ಬಂತು.

"ಯಾವ ಕಡೆ ಆಯ್ತಪ್ಪ?"

"ಬಲಗಡೆ" ಎಂದರು. ಸುಳ್ಳಲ್ಲ.

"ಯಾವ ದೇವ್ರು?"

ಅಡುಗೆಮನೆ ಬಾಗಿಲಲ್ಲಿ ಸರ್ವಮಂಗಳ ಉಸಿರು ಬಿಗಿಹಿಡಿದು ನಿಂತಿದ್ದಳು. "ನಮ್ಮ ವೀರಭದ್ರಸ್ವಾಮಿನೇ" ಎಂದುಬಿಟ್ಟರು. ಇದು ಸುಳ್ಳು.

ಇಷ್ಟಕ್ಕೆ ಸುಮ್ಮನಾಗಿದ್ದರೆ ಆ ತಿಂಗಳೇ ಮದುವೆ ಮುಗಿದು ನಾನೂ ಇಲ್ಲಿಗೆ ಕಥೆ ಮುಗಿಸುತ್ತಿದ್ದೆ. ಸದಾಶಿವಯ್ಯನವರು ಉಪಚಾರಕ್ಕೆ, ಕಾಫಿ ಬರುವವರೆಗೆ ಹೊತ್ತು ಹೋಗಲಿ ಅಂತ, "ಗುಡಿ ಹೆಂಗಿತ್ತು ಬೀಗ್ರೆ?" ಎಂದು ಕೇಳಿದರು. ಕಾಫಿ ಬಂತು, ಆರಿತು, ಮತ್ತೆ ಬಿಸಿಯಾಗಿ ಬಂತು. ವೀರಭದ್ರಯ್ಯನವರು ಇನ್ನೂ ಛಾವಣಿಯ ಮೇಲೇ ಇದ್ದರು. ಮೂಲೆಗಳು ಎದ್ದ ಬಗೆಯನ್ನು ಕೈಯಲ್ಲಿ ತೋರಿಸಿದರು. ಪ್ರಾಣಿಯ ಮೀಸೆ ತೋರಿಸುವಾಗ ಸದಾಶಿವಯ್ಯನವರ ಲೋಟ ಉರುಳಿತು.

"ಸಾಕು ಬೀಗ್ರೆ! ನಮ್ಮ ಗುಡಿ ಮುಂದಿನ ಮಂಟಪ ಹೆಂಗೂ ಗಾರೆ ಮಾಡಿಸ್ತಾ ಇದೀನಿ. ನಮ್ಮ ಹುಡುಗನಿಗೆ ಹೂವು ಕೊಟ್ಟ ಗುಡಿ ಹೆಂಗಿತ್ತೋ ಹಂಗೇ ಮಾಡ್ಸಾನ. ನೀವೇ ನಿಂತು ಮಾಡ್ಸಿ. ನಿಶ್ಚಿತಾರ್ಥ ಆ ಮಂಟಪದಲ್ಲೇ" ಎಂದರು.

"ಬ್ಯಾಡ" ಎಂದರು ವೀರಭದ್ರಯ್ಯ.

"ಏನ್ ಸಂಕೋಚ ನೋಡವ್ವ ನಮ್ಮ ಬೀಗ್ರಿಗೆ" ಎಂದು ಸದಾಶಿವಯ್ಯನವರು ತಾಯಿಯ ಕಡೆ ತಿರುಗಿ ಹೆಮ್ಮೆಪಟ್ಟರು.

ಬೀಗರು ಹೋದ ಮೇಲೆ ಗಂಗಾಂಬಿಕೆಯವರಿಗೆ ನಿಜ ತಿಳಿಯಿತು.

"ರೀ, ಆ ಯಮ್ಮ ಹೊಸ ದೇವ್ರೇ ಬ್ಯಾಡ ಅಂದಿತ್ತು. ನೀವು ಪರದೇಶದ ದೇವ್ರನ್ನ ಕೇಳ್ಕೊಂಡು ಬಂದಿದೀರಲ್ಲ! ಇದು ಗೊತ್ತಾದ್ರೆ ನಮ್ಮ ಮಗಳ ಗತಿ ಏನು?"

"ಹಳೇದೇ ಕಣೇ. ತುಂಬಾ ಹಳೇದು."

"ಬಾಯಿ ಮುಚ್ಕೊಂಡು ಕುಣಿಗಲ್ಲಿಗೆ ಹೋಗಿ, ಆ ಪ್ರಾಣಿ ಯಾರಿಗೂ ಗುರ್ತು ಸಿಗದಂಗೆ ಮಾಡಿಸ್ಕೊಂಡು ಬನ್ನಿ."

ಗಾರೆ ಕೆಲಸದ ಕಾಳಯ್ಯ ತಕರಾರಿನ ಮನುಷ್ಯ. ಜೀವಮಾನವೆಲ್ಲ ನಂದಿ, ಸಿಂಹ, ನವಿಲು ಮಾಡಿ ಮಾಡಿ ಬೇಸತ್ತಿದ್ದ. ನಾಲ್ಕು ಕಾಲಿನ ಹಾವು ಎಂದ ಕೂಡಲೇ ಅವನ ಕೈ ತುರಿಸಿತು. ವೀರಭದ್ರಯ್ಯನವರು ಗುರುತು ಸಿಗದ ಹಾಗೆ ಹೇಳಬೇಕೆಂದೇ ಹೊರಟರು. ಆದರೆ ಕಾಳಯ್ಯ ಮೂತಿಯನ್ನು ಚಪ್ಪಟೆ ಮಾಡಿದಾಗ ಅವರಿಗೆ ತಡೆಯಲಾಗಲಿಲ್ಲ. "ಹಂಗಲ್ಲ ಕಣೋ, ಮೂತಿ ಮುಂದಕ್ಕೆ ಬರ್ಬೇಕು. ಕಣ್ಣು ಗುಡ್ಡೆ ಹೊರಕ್ಕೆ. ಆಹಾ, ಅಲ್ಲಿ ಹೆಂಗಿತ್ತು ಗೊತ್ತಾ!" ಎನ್ನುವರು. ಅಂದ ಮೇಲೆ ನಾಲಗೆ ಕಚ್ಚಿಕೊಳ್ಳುವರು. ಅಷ್ಟರಲ್ಲಿ ಮೂತಿ ಮುಂದಕ್ಕೆ ಬಂದಿರುತ್ತಿತ್ತು. ಮಂಟಪದ ಬಾಗಿಲ ಮೇಲೆ, ದೊಡ್ಡ ಗಂಟೆ ನೇತುಹಾಕಿದ್ದ ತೊಲೆಯ ನೆತ್ತಿಗೆ, ಕಲ್ಕತ್ತೆಯ ಪ್ರಾಣಿ ದಿನೇದಿನೇ ಎದ್ದು ಕೂತಿತು. ಬಿದಿರ ಕಡ್ಡಿಗೆ ಗೋಣಿನಾರು ಸುತ್ತಿ ಸಿಮೆಂಟು ಮೆತ್ತಿದ ಎರಡು ಮೀಸೆಗಳು ಅತ್ತ ಒಂದು, ಇತ್ತ ಒಂದು ಚಾಚಿಕೊಂಡವು.

ಬೀದಿಯ ಜನ ಹಗಲೆಲ್ಲ ತಲೆ ಎತ್ತಿಕೊಂಡೇ ಓಡಾಡಿದರು.

"ಇದು ಓತಿಕ್ಯಾತ."

"ಓತಿಕ್ಯಾತನಿಗೆ ಮೀಸೆ ಎಲ್ಲಾದ್ರೂ ಉಂಟೇನ್ಲಾ? ಮೊಸಳೆ."

"ಮೊಸಳೆಗೆ ಕೊಂಬು ಐತಾ?"

"ಹೋಟೆಲ್ ರಂಗಯ್ಯನ ಎತ್ತು ಕಣೋ, ಬಡವಾಗೈತೆ" ಎಂದ ಇನ್ನೊಬ್ಬ.

ಕೊನೆಗೆ ಎಲ್ಲರೂ ವೀರಭದ್ರಯ್ಯನವರನ್ನೇ ಕೇಳಿದರು. "ಅದು ಮಕರ" ಎಂದರು ಅವರು. "ಬಂಗಾಳದ ಮಕರ. ನೀರು ಬೇರೆ."

ಇದನ್ನೂ ದಕ್ಕಿಸಿಕೊಳ್ಳುತ್ತಿದ್ದರೇನೋ. ನಿಶ್ಚಿತಾರ್ಥಕ್ಕೆ ಇನ್ನೇನು ಎರಡು ದಿನ ಅನ್ನುವಾಗ ಸದಾಶಿವಯ್ಯನವರು ಸಂತೋಷದ ಸುದ್ದಿ ತಂದರು. "ಮಂಟಪ ಉದ್ಘಾಟನೆಗೆ ನನ್ನ ಹಳೇ ಸ್ನೇಹಿತ ಅಂಜಿನಪ್ಪನ್ನ ಕರ್ದಿದೀನಿ. ಬೆಳ್ಳಾವಿಯೋನು, ಮಿಲಿಟ್ರಿ ಹವಾಲ್ದಾರ್ ಆಗಿ ರಿಟೈರಾದೋನು. ಅರವತ್ತೆರಡರ ಯುದ್ಧದಲ್ಲಿ ಚೀನಾದೋರು ಹಿಡ್ಕೊಂಡ್ಹೋಗಿ ತಿಂಗಳುಗಟ್ಲೆ ಕೂಡಿಹಾಕಿದ್ರು ಪಾಪ."

ವೀರಭದ್ರಯ್ಯನವರು ಸಿಮೆಂಟು ಮೂಟೆಯ ಮೇಲೆ ಕುಸಿದು ಕೂತರು. ಮಾರನೆಯ ಬೆಳಿಗ್ಗೆ ಮೊದಲನೇ ಬಸ್ಸಿಗೆ ತುಮಕೂರು, ಅಲ್ಲಿಂದ ಬೆಳ್ಳಾವಿ. ಅಂಜಿನಪ್ಪನವರು ತೋಟದ ಮನೆಯ ಮುಂದೆ ಬೂಟಿಗೆ ಪಾಲಿಶ್ ಹಾಕುತ್ತಿದ್ದರು. ಬೀಳು ಬಿಟ್ಟ ಹೊಲಕ್ಕೂ ಬೂಟು ಹಾಕಿಕೊಂಡೇ ಹೋಗುವ ಮನುಷ್ಯ.

"ಹವಾಲ್ದಾರ್ ಸಾಹೇಬ್ರೆ, ಬಿಸಿಲು ಬಹಳ ಇದೆ. ಕುಣಿಗಲ್ಲಿನವರೆಗೂ ಯಾಕೆ ಆಯಾಸ?"

"ಬಿಸಿಲಾ? ನಾನು ಹಿಮದಲ್ಲಿ ಮೊಣಕಾಲುದ್ದ ಹೂತ್ಕೊಂಡು ನಡೆದೋನು ಕಣ್ರೀ!"

"ಅಲ್ಲಿ ನೋಡೋಕೂ ಅಂಥದ್ದೇನಿಲ್ಲ. ಸಣ್ಣ ಮಂಟಪ."

"ಏನೋ ಪ್ರಾಣಿ ಮಾಡ್ಸಿದೀರಂತೆ?"

"ಇಲಿಯಷ್ಟು" ಎಂದರು ವೀರಭದ್ರಯ್ಯ, ಬೆರಳಲ್ಲಿ ತೋರಿಸುತ್ತ.

ಅಂಜಿನಪ್ಪನವರು ಬ್ರಷ್ಷು ಕೆಳಗಿಟ್ಟರು. "ಪ್ರಾಣಿ ಅಂದ್ರೆ ನೆನಪಾಯ್ತು. ನಮ್ಮನ್ನ ಕೂಡಿಹಾಕಿದ್ದ ಜಾಗದ ಬಾಗಿಲ ಮೇಲೆ ಒಂದು ಇತ್ತು. ಹಾವಿನ ಮೈ, ಕೊಂಬು, ಮೀಸೆ. ದಿನಾ ಬೆಳಿಗ್ಗೆ ಎದ್ದು ಅದರ ಮುಖ ನೋಡ್ಬೇಕಿತ್ತು. ಇನ್ನೊಂದು ಸಲ ಕಣ್ಣಿಗೆ ಬಿದ್ರೆ ಅದನ್ನ ಬಿಡೋನಲ್ಲ ಅಂದ್ಕೊಂಡೆ." ಆಮೇಲೆ ಎದ್ದು ವೀರಭದ್ರಯ್ಯನವರ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ತೇವವಾಗಿತ್ತು. "ಹೆಣ್ಣಿನ ತಂದೆ ನೀವು, ಕೆಲಸ ಬಿಟ್ಟು ನನ್ನ ಕರೆಯೋಕೆ ಖುದ್ದು ಬಂದಿದೀರಿ. ಪ್ರಾಣ ಹೋದ್ರೂ ಬರ್ತೀನಿ!"

ಅಲ್ಲಿಂದ ಕುಣಿಗಲ್ಲಿಗೆ ಓಡಿಬಂದ ವೀರಭದ್ರಯ್ಯನವರು ಕಾಳಯ್ಯನ ಮುಂದೆ ಕೈಮುಗಿದರು. ಮೀಸೆ ಎರಡೂ ಕತ್ತರಿಸಬೇಕು. ಕಾಲುಗಳ ಮೇಲೆ ಬಳ್ಳಿಯ ಹಾಗೆ ಹಸಿರು ಬಣ್ಣ ಬಳಿದು ಮುಚ್ಚಬೇಕು.

"ಇಷ್ಟು ಚೆಂದಾಗಿ ಬಂದಿರೋ ಮೀಸೆನಾ? ನಿಮ್ಗೆ ಹುಚ್ಚಾ ಸ್ವಾಮಿ?" ಕಾಳಯ್ಯ ಕೆಂಡಾಮಂಡಲವಾದ. ಕೊನೆಗೆ, ಹೆಣ್ಣುಮಗಳ ಬಾಳು ಎಂದು ಅವರು ಕಣ್ಣೀರು ಹಾಕಿದ ಮೇಲೆ, ಶಾಪ ಹಾಕುತ್ತಲೇ ಏಣಿ ಹತ್ತಿ ಪ್ರಾಣಿಯ ಬಲಮೀಸೆಯ ಬುಡಕ್ಕೆ ಗರಗಸ ಇಟ್ಟ. ಅರ್ಧ ಕೊಯ್ದಿದ್ದನೋ ಇಲ್ಲವೋ, ಬೀದಿಯಲ್ಲಿ ಸದಾಶಿವಯ್ಯನವರ ಕೊಡೆ ಕಂಡಿತು.

"ಯಾರೋ ಅದು ಮೀಸೆ ಮುಟ್ಟಿದೋನು?"

"ಧೂಳು ಒರೆಸ್ತಾ ಇದ್ದೆ ಬುದ್ಧಿ" ಎಂದ ಕಾಳಯ್ಯ. ಸದಾಶಿವಯ್ಯನವರು ಕತ್ತಲಾಗುವವರೆಗೂ ಕುರ್ಚಿ ಹಾಕಿಕೊಂಡು ಮಂಟಪದ ಮುಂದೆ ಕೂತುಬಿಟ್ಟರು. ಕಾಳಯ್ಯನಿಗೆ ಉಳಿದ ದಾರಿ ಒಂದೇ. ನಿಶ್ಚಿತಾರ್ಥದ ದಿನ ಬೆಳಿಗ್ಗೆ ಬಂದು, ಗರಗಸದ ಗೀರು ಕಾಣದ ಹಾಗೆ ಮೂತಿ ಮೀಸೆ ಕಾಲು ಎಲ್ಲಕ್ಕೂ ಹಸಿರು ಎನಾಮಲ್ ಪೇಂಟನ್ನು ದಪ್ಪಗೆ ಬಳಿದು ಇಳಿದ. ಪ್ರಾಣಿ ಪಳಪಳ ಹೊಳೆದು, ಇನ್ನೂ ಚೆನ್ನಾಗಿ ಎದ್ದು ಕಂಡಿತು.

ಚಪ್ಪರದ ತುಂಬ ಜನ. ಹಿಂದುಗಡೆ ಒಬ್ಬಟ್ಟಿನ ಸಾರು ಕುದಿಯುತ್ತಿತ್ತು. ಸರ್ವಮಂಗಳ ಹಸಿರು ರೇಷ್ಮೆ ಉಟ್ಟು, ತಲೆ ಬಗ್ಗಿಸಿ, ತಾಯಿಯ ಪಕ್ಕ ಕೂತಿದ್ದಳು. ಎದುರಿಗೆ ಷಡಕ್ಷರಿ, ಹೊಸ ವಾಚು ಕಟ್ಟಿಕೊಂಡು ಗಳಿಗೆಗೊಮ್ಮೆ ಹೊತ್ತು ನೋಡುವ ನೆಪದಲ್ಲಿ ಅವಳನ್ನು ನೋಡುತ್ತಿದ್ದ. ಅಂಜಿನಪ್ಪನವರು ಮೆಡಲು ಹಾಕಿಕೊಂಡು ಬಂದರು. ರಿಬ್ಬನ್ ಕತ್ತರಿಸಿದರು. ಚಪ್ಪಾಳೆಯಾಯಿತು. ಆಮೇಲೆ ತಲೆ ಎತ್ತಿದರು.

ಕತ್ತರಿ ಠಣ್ಣೆಂದು ನೆಲಕ್ಕೆ ಬಿತ್ತು.

"ಸದಾಶಿವ! ಇದನ್ನ ಯಾರು ಮಾಡ್ಸಿದ್ದು?"

"ನಮ್ಮ ಬೀಗ್ರು. ಬಂಗಾಳದ ಮಕರ."

"ಮಕರ ಅಂತೆ, ಮಕರ! ಡ್ರ್ಯಾಗನ್ ಕಣೋ ಇದು! ಚೀನಾದೋರ ಡ್ರ್ಯಾಗನ್! ನನ್ನ ಬಾಗಿಲ ಮೇಲೆ ಇದ್ದದ್ದು ಇವನೇ!"

ಚಪ್ಪರವೆಲ್ಲ ಎದ್ದು ನಿಂತಿತು. "ಚೀನಾ ಅಂತೆ" ಎಂಬ ಮಾತು ಮುಂದಿನ ಸಾಲಿನಿಂದ ಹೊರಟು ಅಡುಗೆಯವರನ್ನು ಮುಟ್ಟುವಷ್ಟರಲ್ಲಿ, ಚೀನಾದವರು ಕುಣಿಗಲ್ ಕೆರೆ ಏರಿಯ ಮೇಲೆ ಬಂದಿದ್ದಾರೆ ಎಂದಾಗಿ, ಒಬ್ಬ ಅಡುಗೆಯವನು ಸೌಟು ಹಿಡಿದುಕೊಂಡೇ ಹೊರಗೆ ಓಡಿಬಂದ. ಸದಾಶಿವಯ್ಯನವರ ಮುಖ ಕಪ್ಪಿಟ್ಟಿತು.

"ಏನ್ ಬೀಗ್ರೆ ಇದು?"

ಗಂಗಾಂಬಿಕೆಯವರು ಕಣ್ಣಲ್ಲೇ ಬೇಡ ಬೇಡ ಎಂದರು. ಆದರೆ ಎಲ್ಲರೂ ಸುಮ್ಮನಾಗಿದ್ದರಲ್ಲ. ವೀರಭದ್ರಯ್ಯನವರು ಎಲ್ಲವನ್ನೂ ಹೇಳಿಬಿಟ್ಟರು. ರಿಕ್ಷಾ, ಗಲ್ಲಿ, ಗಡ್ಡ, ಹೂವು, ಶಿವರಾಮಯ್ಯ, ಏನನ್ನೂ ಬಿಡಲಿಲ್ಲ. "ತಪ್ಪು ನಂದು. ಮಗಳದ್ದಲ್ಲ. ಆ ಗುಡಿ ನೋಡಿದ್ರೆ ನೀವೂ ಕೈ ಮುಗೀತಿದ್ರಿ ಬೀಗ್ರೆ, ಅಷ್ಟು ಚೆಂದ ಇತ್ತು. ಒಳಗಿರೋ ಸ್ವಾಮಿ ಅವ್ರ ಸೇನಾಪತಿ ಅಂತೆ" ಎಂದು ಮುಗಿಸಿದರು.

"ಸೇನಾಪತಿನಾ?" ಅಂಜಿನಪ್ಪನವರ ದನಿ ಒಂದು ಕ್ಷಣ ತಗ್ಗಿತು. "ರ‍್ಯಾಂಕ್ ಏನು?"

"ಗೊತ್ತಿಲ್ಲ ಸಾಹೇಬ್ರೆ."

"ಈ ಸಂಬಂಧ ಬ್ಯಾಡ" ಎಂದರು ಸದಾಶಿವಯ್ಯ. "ತಾಂಬೂಲ ತೆಗೀರಿ."

ಷಡಕ್ಷರಿ, "ಅಪ್ಪ" ಎಂದ. ಅಷ್ಟೇ. ಸರ್ವಮಂಗಳ ತಲೆ ಎತ್ತಿ ತಂದೆಯನ್ನು ನೋಡಿದಳು. ಬೈದಿದ್ದರೆ ಸಹಿಸಬಹುದಿತ್ತು, ಅವಳು ಬೈಯಲಿಲ್ಲ. ವೀರಭದ್ರಯ್ಯನವರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆಗ ತಿಪ್ಪಮ್ಮನವರು ಕೋಲೂರಿ ಎದ್ದರು.

"ಕೂಗಾಡ್ಬೇಡ್ರೋ. ನಮ್ಮ ಸ್ವಾಮಿ ಮಾತಾಡ್ಲಿಲ್ಲ. ಆ ಸ್ವಾಮಿ ಮಾತಾಡ್ದ. ಅವನ ಕಡೆ ಪ್ರಾಣಿ ಇಲ್ಲಿ ಬಂದು ಕೂತೈತೆ. ನಮ್ಮ ಸ್ವಾಮಿ ಅದನ್ನ ಬಾಗಿಲಾಗೆ ಇರ್ಸ್ಕೊಂಡವ್ನೆ. ಇಬ್ಬರ ಮಾತೂ ಒಂದೇ ಆದ್ರೆ ಈಗ್ಲೇ ಗೊತ್ತಾಯ್ತದೆ. ಇದರ ಮೇಲೆ ಹೂವಿಟ್ಟು ಕೇಳಿ. ಬಲಗಡೆ ಬಂದ್ರೆ ಮದುವೆ, ಎಡಗಡೆ ಬಂದ್ರೆ ಉಂಡು ಮನೆಗೆ ಹೋಗಾನ."

"ಯಾರು ಇಡೋದು? ಇವ್ರು ಇಟ್ರೆ ಮೋಸ" ಎಂದರು ಸದಾಶಿವಯ್ಯ.

"ಅಂಜಿನಪ್ಪ ಇಡ್ಲಿ. ಅವನಿಗಿಂತ ವೈರಿ ಬೇಕಾ ಅದಕ್ಕೆ?"

ಅಂಜಿನಪ್ಪನವರು ಏಣಿ ಹತ್ತಿ, ಪ್ರಾಣಿಯ ಕಣ್ಣಲ್ಲಿ ಕಣ್ಣಿಟ್ಟು ಒಂದು ಗಳಿಗೆ ನಿಂತರು. ಗಾಳಿಗೆ ಹಾರಬಾರದು ಎಂದು ಸೇವಂತಿಗೆ ಹೂವನ್ನು ಮೂತಿಯ ಬಲಗಡೆ, ಮೀಸೆಯ ಬುಡದಲ್ಲಿ ಒತ್ತಿಟ್ಟು ಇಳಿದರು. ಅವರ ಹೆಬ್ಬೆರಳು ಹಸಿರಾಗಿತ್ತು. ಅದು ವೀರಭದ್ರಯ್ಯನವರ ಕಣ್ಣಿಗೆ ಬಿತ್ತು. ಪೇಂಟು ಹಸಿ! ಹೂವು ಅಂಟಿಕೊಂಡಿದೆ! ಇನ್ನು ಅದು ಬಲಕ್ಕೂ ಬರುವುದಿಲ್ಲ, ಎಡಕ್ಕೂ ಬರುವುದಿಲ್ಲ. ಮುಂದಿನ ವರ್ಷದವರೆಗೂ ಅಲ್ಲೇ ಇರುತ್ತದೆ.

"ಏನಪ್ಪ ವೀರಭದ್ರಯ್ಯ, ನಿಂತ್ಕೊಂಡೇನ್ ನೋಡ್ತೀಯ? ಗಂಟೆ ಹೊಡಿ" ಎಂದರು ತಿಪ್ಪಮ್ಮ.

ಅವರು ಗಂಟೆ ಹೊಡೆದರು. ಎಲ್ಲರ ಕಣ್ಣೂ ಹೂವಿನ ಮೇಲೆ. ಹೂವು ಅಲುಗಲಿಲ್ಲ. ಒಬ್ಬಟ್ಟಿನ ಸಾರು ಉಕ್ಕಿ ಒಲೆ ಆರಿದ ಸದ್ದಾಯಿತು, ಯಾರೂ ಆ ಕಡೆ ತಿರುಗಲಿಲ್ಲ. ಅರ್ಚಕರು ಕೆಮ್ಮಿದರು. ಮಂಗಳಾರತಿಯ ಕರ್ಪೂರ ಉರಿದು ಮುಗಿದು ಇನ್ನೊಂದು ಹಚ್ಚಿದರು. ಅಂಜಿನಪ್ಪನವರು ಕಾವಲಿಗೆ ನಿಂತವರಂತೆ ರೆಪ್ಪೆ ಬಡಿಯದೆ ನೋಡುತ್ತಿದ್ದರು. ಕಾಳಯ್ಯ ಮಾತ್ರ ಕಂಬದ ಹಿಂದೆ ನಿಂತು ಹೂವನ್ನು ನೋಡದೆ ಮೀಸೆಯನ್ನೇ ನೋಡುತ್ತಿದ್ದ.

"ಇದೂ ಮಾತಾಡಲ್ಲ ಕಣವ್ವ" ಎಂದು ಸದಾಶಿವಯ್ಯನವರು ನಿಟ್ಟುಸಿರಿಟ್ಟರು. ತಿಪಟೂರಿನ ಹೆಣ್ಣಿನ ಸೋದರಮಾವ, ಅವರೂ ಊಟಕ್ಕೆ ಬಂದಿದ್ದರು, ಸಣ್ಣಗೆ ನಕ್ಕರು.

ಆ ನಗು ವೀರಭದ್ರಯ್ಯನವರ ಕಿವಿಗೆ ಬಿತ್ತು. ಸಿಟ್ಟು, ನಾಚಿಕೆ, ಸಂಕಟ ಎಲ್ಲ ಒಟ್ಟಿಗೆ ಬಂದು, ಗಂಟೆಯ ಸರಪಳಿಯನ್ನು ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದರು. "ಸ್ವಾಮೀ! ಯಾರಾದ್ರೂ ಆಗಿರಪ್ಪ! ನನ್ನ ಮಗಳು ಕಣಪ್ಪ!" ಢಣಢಣ ಢಣಢಣ ಗಂಟೆ ಅರಚಿತು. ತೊಲೆ ಗಡಗಡ ನಡುಗಿತು. ಸೂರಿನ ಪಾರಿವಾಳಗಳೆಲ್ಲ ಎದ್ದು ಹಾರಿದವು. "ಬಿಡ್ರೀ, ಮಂಟಪ ಬೀಳ್ತದೆ!" ಎಂದು ಯಾರೋ ಕಿರುಚಿದರು. ಅವರು ಬಿಡಲಿಲ್ಲ.

ಕಟ್ ಎಂದಿತು.

ಪ್ರಾಣಿಯ ಬಲಮೀಸೆ ಬುಡಸಮೇತ ಕಿತ್ತುಕೊಂಡು, ಸೇವಂತಿಗೆಯನ್ನೂ ಹೊತ್ತುಕೊಂಡು, ಧಡಾರನೆ ಕೆಳಗೆ ಬಿತ್ತು.

"ಎಡಗಡೆ ಬಿತ್ತಲ್ವಾ?" ಎಂದರು ತಿಪಟೂರಿನವರು.

"ನಿನ್ನ ಎಡಗಡೆ ಯಾವನಿಗೆ ಬೇಕೋ! ದೇವ್ರ ಬಲಗಡೆ!" ತಿಪ್ಪಮ್ಮನವರು ಕೋಲು ಎತ್ತಿ ಗುಡುಗಿದರು. "ಹೂವು ಕೇಳಿದ್ರೆ ಮೀಸೆನೇ ಕೊಟ್ಟವ್ನೆ! ಇಂಥ ಪ್ರಸಾದ ನಮ್ಮ ವಂಶದಲ್ಲೇ ಆಗಿರ್ಲಿಲ್ಲ. ತಾಂಬೂಲ ತನ್ರೋ!"

ವಾಲಗದವರು ಯಾರೂ ಹೇಳದೆಯೇ ಊದಿಬಿಟ್ಟರು. ಷಡಕ್ಷರಿ ವಾಚು ನೋಡುವುದನ್ನು ಬಿಟ್ಟು ನೇರವಾಗಿ ಸರ್ವಮಂಗಳಳನ್ನೇ ನೋಡಿದ. ಅಂಜಿನಪ್ಪನವರು ನಿಧಾನವಾಗಿ ಹೋಗಿ ಮೀಸೆಯನ್ನು ಎತ್ತಿಕೊಂಡರು. ತಿರುಗಿಸಿ ನೋಡಿದರು. ಗರಗಸದ ಗೀರು ಅವರಿಗೆ ಕಾಣದೇ ಇರಲಿಲ್ಲ. ಕಾಳಯ್ಯ ಕಣ್ಣು ಮುಚ್ಚಿಕೊಂಡ. ವೀರಭದ್ರಯ್ಯನವರು ಸರಪಳಿ ಹಿಡಿದುಕೊಂಡೇ ಕಲ್ಲಾದರು.

ಹವಾಲ್ದಾರರು ಸರ್ವಮಂಗಳಳ ಮುಖ ನೋಡಿದರು, ಗೀರಿನ ಮೇಲೆ ಹಸಿರು ಹೆಬ್ಬೆರಳು ಇಟ್ಟುಕೊಂಡರು, ಪ್ರಾಣಿಯನ್ನು ನೋಡಿದರು.

"ಅರವತ್ತೆರಡರಲ್ಲಿ ಒಂದಿಂಚು ಬಿಟ್ಟುಕೊಡದೋನು, ಇವತ್ತು ಮೀಸೆನೇ ಬಿಟ್ಟುಕೊಟ್ನಲ್ಲ!" ಎಂದರು. "ಸಾಕು. ನಂದೂ ಲೆಕ್ಕ ಚುಕ್ತಾ ಆಯ್ತು."

ಊಟವಾದ ಮೇಲೆ ಕಾಳಯ್ಯ ಮೀಸೆ ಮತ್ತೆ ಅಂಟಿಸಲು ಹೋದ. ತಿಪ್ಪಮ್ಮನವರು ಬಿಡಲಿಲ್ಲ. ಪ್ರಸಾದ ಹೆಣ್ಣಿನ ತಂದೆಗೆ ಸೇರಬೇಕಾದ್ದು ಎಂದು ಹೇಳಿ ವೀರಭದ್ರಯ್ಯನವರ ಟವೆಲ್ಲಿಗೇ ಕಟ್ಟಿಸಿದರು. ಕುಣಿಗಲ್ಲಿನ ಆ ಬೀದಿಯಲ್ಲಿ ಬಂಗಾಳದ ಮಕರ ಆಮೇಲೆ ಎಷ್ಟೋ ವರ್ಷ ಒಂಟಿ ಮೀಸೆಯಲ್ಲೇ ಕೂತಿತ್ತು, ಮದುವೆಯಾಗದ ಹುಡುಗಿಯರ ತಂದೆತಾಯಿ ಬಂದು ಗಂಟೆ ಹೊಡೆದು ಹೋಗುತ್ತಿದ್ದರು.

ಸಾಯಂಕಾಲದ ಬಸ್ಸಿನಲ್ಲಿ ಗಂಡಹೆಂಡಿರು ಪಕ್ಕಪಕ್ಕ ಕೂತರು. ಮುಂದಿನ ಸೀಟಿನಲ್ಲಿ ಸರ್ವಮಂಗಳ ಬೆರಳ ಉಂಗುರವನ್ನು ತಿರುಗಿಸುತ್ತ ಒಬ್ಬಳೇ ನಗುತ್ತಿದ್ದಳು. ವೀರಭದ್ರಯ್ಯನವರ ಮಡಿಲಲ್ಲಿ ಮಾರುದ್ದದ ಮೀಸೆ, ಕಂಡಕ್ಟರ್ ಅದಕ್ಕೆ ಲಗೇಜು ಹಾಕಬೇಕೋ ಬೇಡವೋ ಎಂದು ಯೋಚಿಸುತ್ತ ಹೋದ.

"ರೀ, ನಿಜ ಹೇಳಿ" ಎಂದರು ಗಂಗಾಂಬಿಕೆ, ಮೆಲ್ಲಗೆ. "ಇಲ್ಲಿ ಬಿಡಿ, ನೀವು ಗಂಟೆ ಹೊಡೆದ ರಭಸಕ್ಕೆ ಬಿತ್ತು. ಆದ್ರೆ ಕಲ್ಕತ್ತೆಯಲ್ಲಿ ತಾನಾಗೇ ಬಿತ್ತಲ್ವಾ? ಅಲ್ಲಿ ಆ ಸ್ವಾಮಿ ಒಪ್ಪಿ ಕೊಟ್ಟಿದ್ದೇ ತಾನೇ?"

ವೀರಭದ್ರಯ್ಯನವರು ಕಿಟಕಿಯಾಚೆ ನೋಡಿದರು. ಮಗಳ ಬೆನ್ನು ನೋಡಿದರು. ಬಾಯಿ ತೆರೆದು ಮುಚ್ಚಿದರು. ಆದರೆ ಹೆಂಡತಿ ಸುಮ್ಮನೆ ಕಾಯುತ್ತಿದ್ದರು, ಎದೆ ಡವಗುಟ್ಟಿತು.

"ಆ ಸ್ವಾಮಿ ಒಳ್ಳೇದೇ ಬಯಸಿರ್ತಾನೆ ಕಣೇ" ಎಂದರು. "ಆದ್ರೆ ಆ ಮುದುಕರು, ಪಾಪ, ನಾನು ಬೆವೆತಿದೀನಿ ಅಂತ, ಎಡಗಡೆಯಿಂದ ಫ್ಯಾನ್ ಹಾಕಿದ್ರು."